ಮುಖದಲ್ಲಿ ನಿದ್ದೆ ಓದುವವರು

ಆ ಗುರುವಾರ ಹುಣಸೆಹಣ್ಣು ಹಚ್ಚಿ ದೀಪದ ಕಂಬ ತಿಕ್ಕುತ್ತಾ ಕೂತಿದ್ದೆ. ಫೋನು ಬಂತು. ನಮ್ಮ ಯಜಮಾನರ ಅಕ್ಕ ಕೆಲಸಕ್ಕೆ ಹೋಗುವ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಿಂದ.

"ಮೇಡಂ, ನಿಮ್ಮ ಅತ್ತಿಗೆ ಟೇಬಲ್ ಮೇಲೇ ನಿದ್ದೆ ಹೋಗ್ಬಿಟ್ಟಿದ್ದಾರೆ. ಈ ವಾರ ಇದು ಮೂರನೇ ಸಲ. ಬಂದು ಕರ್ಕೊಂಡ್ ಹೋಗಿ."

ನನಗೆ ನಗು ಬಂದುಬಿಟ್ಟಿತು. ದೇವರು ಕ್ಷಮಿಸಲಿ! ಯಾರು ಎಷ್ಟು ಹೊತ್ತು ಮಲಗಿದ್ದಾರೆಂದು ಮುಖ ನೋಡಿಯೇ ಹೇಳಬಲ್ಲ ಹೆಂಗಸು ಈ ಹೊಸೂರು ರಸ್ತೆಯಲ್ಲಿ ಒಬ್ಬರಿದ್ದರೆ ಅದು ನಮ್ಮ ಅತ್ತಿಗೆಯೇ. ಅವರೇ ತೂಕಡಿಸಿ ಸಿಕ್ಕಿಬಿದ್ದರೆ ನಗದೆ ಇನ್ನೇನು ಮಾಡಲಿ?

ಅತ್ತಿಗೆ ಅಲ್ಲಿ ಚೆಕಿಂಗ್ ವಿಭಾಗದಲ್ಲಿದ್ದರು. ಅಂಗಿಯಲ್ಲಿ ಹೊಲಿಗೆ ತಪ್ಪಿದ ಕಡೆ ಬಾಣದ ಗುರುತಿನ ಪುಟ್ಟ ಕೆಂಪು ಸ್ಟಿಕರ್ ಅಂಟಿಸುವುದು ಅವರ ಕೆಲಸ. ವರ್ಷಗಟ್ಟಲೆ ಹಾಗೆ ನೋಡಿ ನೋಡಿ, ಆ ಕಣ್ಣಿಗೆ ಅಂಗಿಯೂ ಒಂದೇ, ಅದನ್ನು ತೊಟ್ಟ ಮನುಷ್ಯನೂ ಒಂದೇ!

ಒಮ್ಮೆ ನಾನು ಹೊಳಪಿನ ಕ್ರೀಮು ತಂದು ಮಲಗುವ ಮುಂಚೆ ಅರ್ಧ ಗಂಟೆ ಕೆನ್ನೆ ತಿಕ್ಕುತ್ತಿದ್ದೆ. ಅತ್ತಿಗೆ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದನ್ನ ಅಚ್ಕೊಂಡು ಅರ್ಧ ಗಂಟೆ ಎದ್ದಿರೋ ಬದ್ಲು, ಅಚ್ಕೊಳ್ದೆ ಅರ್ಧ ಗಂಟೆ ಮುಂಚೆ ಮಲಕ್ಕೋ. ಕೆನ್ನೆ ತಾನೇ ಒಳೀತದೆ."

ದೇವಸ್ಥಾನದ ಅರ್ಚಕರನ್ನೂ ಬಿಡಲಿಲ್ಲ. ತೀರ್ಥಕ್ಕೆ ಕೈ ಒಡ್ಡಿದವರು ಹಾಗೇ ನಿಂತು, "ಸ್ವಾಮೇರೇ, ಚರ್ಮ ಬೂದಿ ಬಣ್ಣಕ್ ತಿರುಗದೆ. ನಾಕೇ ಗಂಟೆ ಮಲಗಿದ್ದೀರಿ" ಎಂದರು. ಪಾಪ, ಅವರು ಗಾಬರಿಯಾಗಿ, "ಮೂರೂವರೆ ಕಣಮ್ಮ" ಎಂದು ದೇವರ ಮುಂದೆಯೇ ಒಪ್ಪಿಕೊಂಡರು!

ಇನ್ನು ನಮ್ಮ ಯಜಮಾನರು? ತಮ್ಮನೆಂಬ ಸಲುಗೆಯಿಂದ ಅವರ ಕಣ್ಣಿನ ಕೆಳಗಿನ ಕಪ್ಪಿಗೆ ಒಂದು ಬಾಣವನ್ನೇ ಅಂಟಿಸಿದರು. ಇವರು ಅದನ್ನು ಮರೆತು ಎಲೆಕ್ಟ್ರಾನಿಕ್ ಸಿಟಿಯ ತಮ್ಮ ಕಂಪನಿಗೆ ಹೋಗಿಬಿಟ್ಟರು. ಗೇಟಿನಲ್ಲಿ ಸೆಕ್ಯುರಿಟಿಯವನು, "ಸಾರ್, ಇದು ಯಾವ್ ಡಿಪಾರ್ಟ್‌ಮೆಂಟ್ ಪಾಸು?" ಎಂದನಂತೆ!

ಅಂಥವರನ್ನು ಕರೆತರಲು ಚಂದಾಪುರದಿಂದ ಬಸ್ಸು ಹತ್ತಿದೆ. ಗೇಟಿನ ಬಳಿ ಸೂಪರ್‌ವೈಸರ್ ಹುಡುಗಿ ಪಕ್ಕಕ್ಕೆ ಕರೆದಳು. "ಇವರ ಕಣ್ಣು ಚುರುಕು ಅಂತಾನೇ ಇಷ್ಟು ದಿನ ಇಟ್ಕೊಂಡಿರೋದು ಅಕ್ಕ. ಸೋಮವಾರದವರೆಗೂ ರಜ ಕೊಡಿಸಿದ್ದೀನಿ. ಬಂದ್ಮೇಲೂ ಹೀಗೇ ಆದ್ರೆ ಕೆಲಸ ಉಳಿಸೋದು ನನ್ನ ಕೈಲಿಲ್ಲ."

ನನ್ನ ನಗು ಅಲ್ಲೇ ನಿಂತಿತು.

ವಾಪಸು ಬರುವ ಬಸ್ಸಿನಲ್ಲಿ ಅತ್ತಿಗೆಯ ಮುಖ ನೋಡಿದೆ. ನಾವೆಲ್ಲ ಅವರಿಗೆ ಮುಖ ತೋರಿಸಿದ್ದೇ ಬಂತು, ಅವರ ಮುಖವನ್ನು ಒಬ್ಬರಾದರೂ ನೋಡಿದ್ದೆವೇ? ಕೆನ್ನೆ ಒಣಗಿ ಬಿರಿದಿತ್ತು. ಬಿರುಕಿನಲ್ಲಿ ಪೌಡರು ಕೂತಿತ್ತು. ಕಣ್ಣ ಸುತ್ತ ಕಾಡಿಗೆ ಕದಡಿದಂಥ ಕಪ್ಪು.

"ನಿದ್ದೆ ಬಿಟ್ಟು ಎಷ್ಟು ದಿನ ಆಯ್ತು ಅತ್ತಿಗೆ?"

"ಈ ಚಂದಾಪುರದ್ ಮನೆಗೆ ಬಂದಾಗ್ನಿಂದ ಕಣೇ."

"ಸದ್ದು ಜಾಸ್ತಿನಾ?"

"ಸದ್ದೇ ಇಲ್ವಲ್ಲೇ!" ಅವರು ಕಿಟಕಿಯ ಕಡೆ ತಿರುಗಿದರು. "ಬೊಮ್ಮನಳ್ಳೀಲಿ ನಮ್ಮನೆಯವ್ರು ರಾತ್ರಿ ಮಿಷನ್ ಮೇಲೆ ಬಟ್ಟೆ ಒಲೀತಾ ಇರೋರು. ಪಕ್ಕದಲ್ಲೇ ಚಾಪೆ ಆಕ್ಕೊಂಡ್ ನಾನು ಮಲಗ್ತಿದ್ದೆ. ಅವ್ರು ಓಗ್ಬಿಟ್ರು, ಮನೆ ಬಿಟ್ಟೆ. ಈಗ ಫ್ಯಾಕ್ಟ್ರೀಲಿ ಮಿಷನ್ ಸದ್ದು ಕೇಳಿದ್ರೆ ಸಾಕು, ರೆಪ್ಪೆ ಅಂಗೇ ಮುಚ್ಕತದೆ. ನಾನೇನ್ ಮಾಡ್ಲಿ?"

ಭಾವ ಹೋಗಿ ಒಂದು ವರ್ಷವಾಗಿತ್ತು. ಅಂದಿನಿಂದ ಅತ್ತಿಗೆ ನಮ್ಮ ಪಕ್ಕದ ಬೀದಿಯಲ್ಲೇ ಬಾಡಿಗೆ ಮನೆ ಹಿಡಿದು ಒಬ್ಬರೇ ಇದ್ದರು. ಅವರು ತುಂಬ ಗಟ್ಟಿಗಿತ್ತಿ ಎಂದು ನಾವೆಲ್ಲ ಹೊಗಳಿಕೊಂಡು ಸುಮ್ಮನಿದ್ದೆವು.

ಅವರನ್ನು ನೇರ ನಮ್ಮ ಮನೆಗೇ ಕರೆತಂದೆ. ಮೂಲೆಯಲ್ಲಿ ನನ್ನ ಹಳೆಯ ಹೊಲಿಗೆ ಮಿಷನ್ ಇದೆ. ಅದರ ಪಕ್ಕ ಚಾಪೆ ಹಾಸಿ, ತಲೆದಿಂಬು ಕೊಟ್ಟು, ನಾನು ಸ್ಟೂಲಿನ ಮೇಲೆ ಕೂತು ತುಳಿಯತೊಡಗಿದೆ.

ಅತ್ತಿಗೆ ಒಂದು ಕಣ್ಣು ತೆರೆದರು. "ದಾರಾನೇ ಪೋಣಿಸಿಲ್ವಲ್ಲೇ! ಅದೇನ್ ಒಲಿಗೆ?"

"ಕಣ್ಣು ಮುಚ್ಕೊಳ್ಳಿ ಅತ್ತಿಗೆ. ಆಗ ತಪ್ಪು ಕಾಣ್ಸಲ್ಲ."

"ಮೆಲ್ಗೆ ತುಳಿ. ಅವ್ರು ಇಷ್ಟು ಜೋರಾಗಿ ತುಳೀತಿರ್ಲಿಲ್ಲ."

ಮೆಲ್ಲಗೆ ತುಳಿದೆ. ದೇವರಲ್ಲಿ ಬೇಡುವುದನ್ನೆಲ್ಲ ದೇವರ ಕೋಣೆಗೆ ಹೋಗಿಯೇ ಬೇಡುವವಳು ನಾನು. ಆ ದಿನ ಎದ್ದರೆ ಸದ್ದು ನಿಲ್ಲುತ್ತದಲ್ಲ! ಇವರಿಗೆ ನಿದ್ದೆ ಕೊಡಪ್ಪಾ ಎಂದು ಕೂತಲ್ಲೇ ಬೇಡಿಕೊಂಡೆ. ನನ್ನ ಮೊಣಕಾಲು ಸೋಲುವ ಹೊತ್ತಿಗೆ ಅತ್ತಿಗೆಯ ಹಣೆಯ ಗಂಟು ಬಿಚ್ಚಿತು. ಬಾಯಿ ಕೊಂಚ ತೆರೆಯಿತು. ಉಸಿರು ನಿಧಾನವಾಗಿ, ಬಸ್ಸಿನಲ್ಲಿ ಸುಣ್ಣದ ಗೋಡೆಯಂತಿದ್ದ ಮುಖಕ್ಕೆ ತುಸುವೇ ರಕ್ತದ ಬಣ್ಣ ಬಂತು. ಯಾವ ಡಬ್ಬಿಯಲ್ಲಿ ಸಿಗುತ್ತದೆ ಹೇಳಿ, ಈ ಬಣ್ಣ?

ಸೋಮವಾರದವರೆಗೆ ಇನ್ನೂ ನಾಲ್ಕು ದಿನವಿತ್ತು. ಆಮೇಲೂ ಅವರನ್ನು ಆ ಮನೆಗೆ ಕಳಿಸುವುದಿಲ್ಲವೆಂದು, ಯಜಮಾನರನ್ನೂ ಕೇಳದೆ, ನಾನೇ ತೀರ್ಮಾನಿಸಿಬಿಟ್ಟೆ.

ಕಾಲು ನಿಲ್ಲಿಸಿದೆ. ಅವರು ಮಗ್ಗಲು ಬದಲಿಸಿದರು, ಏಳಲಿಲ್ಲ. ನಾನು ಸದ್ದಾಗದಂತೆ ಮೊರ ತಂದು ನೆಲದ ಮೇಲೆ ಕೂತು ದಂಟಿನ ಸೊಪ್ಪು ಬಿಡಿಸತೊಡಗಿದೆ.