ಏಳನೇ ಡಿಗ್ರಿ

ಬಚ್ಚಲುಮನೆಗೆ ಗವಾಕ್ಷಿ ಇಲ್ಲದೇ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅಂಗೈಯಗಲದ ಆ ಕಿಂಡಿಗೆ ಇದ್ದ ಕೆಲಸ ಹಬೆಯನ್ನು ಹೊರಕ್ಕೆ ಬಿಡುವುದೊಂದೇ. ಆದರೆ ಅದು ಮಹಡಿಯ ಹೊಲಿಗೆಯಕ್ಕನ ಕಿಟಕಿಯ ಕೆಳಗೇ ಇತ್ತು. ಹಾಗಾಗಿ ಹಬೆಯ ಜೊತೆ ಮಾತೂ ಮೇಲೆ ಹೋಗುತ್ತಿತ್ತು. ಹೊಲಿಗೆಯಕ್ಕ ಅದನ್ನು ಅಳತೆ ತೆಗೆದು, ಕತ್ತರಿಸಿ, ಅಂಚು ಹೊಲಿದು ಬೀದಿಗೆ ಹಂಚುತ್ತಿದ್ದಳು.

ಆ ಗುರುವಾರ ಬೆಳಗ್ಗೆ ಬೀಗದಣ್ಣ ತಲೆಗೆ ನೀರು ಹುಯ್ದುಕೊಳ್ಳುತ್ತ, ತನ್ನೊಬ್ಬನಿಗೇ ಕೇಳಿಸುತ್ತಿದೆ ಎಂದುಕೊಂಡು ಇಡೀ ಕಟ್ಟಡಕ್ಕೆ ಕೇಳಿಸುವಂತೆ ಘೋಷಿಸಿದ: “ಇಂದು ಸಂಜೆ ಏಳನೇ ಡಿಗ್ರಿಯನ್ನು ಪಡೆಯಲು ಅರ್ಹನಾಗಿ ನಿಂತಿದ್ದೇನೆ!”

ಮೇಲೆ ಪಾತ್ರೆಯೊಂದು ಬಿದ್ದ ಸದ್ದಾಯಿತು.

ಬೀಗದಣ್ಣನೆಂದರೆ ಬೀದಿಯ ತುದಿಯಲ್ಲಿ ಬೆಂಕಿಪೊಟ್ಟಣದಂಥ ಅಂಗಡಿ ಇಟ್ಟುಕೊಂಡು ಬೀಗ ರಿಪೇರಿ ಮಾಡುವವನು. ಅವನು ಓದಿದ್ದು ಹತ್ತನೇ ತರಗತಿಯ ಅರ್ಧದವರೆಗೆ. ಅವನು ಹೇಳಿದ ಡಿಗ್ರಿ ಕಾಲೇಜಿನದಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ಗುರುವಾರ ಗುರುವಾರ ಕದ ಹಾಕಿಕೊಂಡು ಸೇರುವ ದೀಪಸ್ತಂಭ ಸಹೋದರ ಮಂಡಳಿಯದು. ಅಲ್ಲಿ ಡಿಗ್ರಿಗೊಂದು ಟೋಪಿ, ಡಿಗ್ರಿಗೊಂದು ಗುಟ್ಟಿನ ಕೈಕುಲುಕು. ವಯಸ್ಸೆಷ್ಟೇ ಇರಲಿ, ಕೆಳಗಿನ ಡಿಗ್ರಿಯವನು ಮೇಲಿನವನನ್ನು ‘ಅಣ್ಣಾ’ ಎನ್ನಬೇಕು; ಮೇಲಿನವನು ಕೆಳಗಿನವನ ಮಾನವನ್ನು ತನ್ನ ಮಾನದಂತೆ ಕಾಯಬೇಕು. ಮಂಡಳಿಯ ಒಂದು ಮಾತನ್ನೂ ಹೆಂಡತಿಗಾಗಲಿ, ಹೆತ್ತವರಿಗಾಗಲಿ, ಕನಸಿನಲ್ಲಾಗಲಿ ಹೇಳೆನೆಂದು ಎಲ್ಲರೂ ಪ್ರಮಾಣ ಮಾಡಿದ್ದರು. ಬಚ್ಚಲುಮನೆಯನ್ನು ಪ್ರಮಾಣದಲ್ಲಿ ಸೇರಿಸಲು ಮರೆತಿದ್ದರು.

ಏಳನೆಯದನ್ನು ಪಡೆಯಬೇಕಾದರೆ ಮೇಲಿನ ಡಿಗ್ರಿಗಳ ಚರಿತ್ರೆಯನ್ನು ಬಾಯಿಪಾಠ ಒಪ್ಪಿಸಬೇಕಿತ್ತು. ಮೊದಲಿಗೆ ಇದ್ದದ್ದು ಮೂರೇ ಡಿಗ್ರಿ. ಬಹಳ ಹಿಂದೆ ಮೂರನೆಯದರ ಇಬ್ಬರು ಹಿರಿಯರು, ಸಭೆಯಲ್ಲಿದ್ದ ಒಂದೇ ಒಂದು ಕೈಯಿರುವ ಕುರ್ಚಿಗಾಗಿ ಮಾತುಬಿಟ್ಟರು. ಒಬ್ಬರಿಗೆ ನಾಲ್ಕನೇ ಡಿಗ್ರಿಯೆಂದು ಹೊಸದೊಂದನ್ನು ಹುಟ್ಟಿಸಿ ಕುರ್ಚಿ ಕೊಟ್ಟರು. ಇನ್ನೊಬ್ಬರು ಮುನಿಸಿಕೊಂಡು ಐದನೆಯದನ್ನು ಸ್ಥಾಪಿಸಿ, ಕಿಟಕಿಯ ಪಕ್ಕ ಮೆತ್ತೆ ಹಾಕಿಸಿಕೊಂಡರು. ಮುನಿಸಿಗೊಂದರಂತೆ ಬೆಳೆದು ಈಗ ಹನ್ನೆರಡು. ಒಂದನೆಯದರಲ್ಲಿ ಅರವತ್ತು ಜನ, ಆರನೆಯದರಲ್ಲಿ ಒಂಬತ್ತು, ಏಳನೆಯದರಲ್ಲಿ ಮೂರು. ಹನ್ನೊಂದನೆಯದರಲ್ಲಿ ಯಾರೂ ಇಲ್ಲ. ಆದರೂ ವರ್ಷಕ್ಕೊಮ್ಮೆ ಅದರ ಸಭೆಯ ವರದಿಯನ್ನು ಓದಿ ಚಪ್ಪಾಳೆ ತಟ್ಟುತ್ತಾರೆ. ಹನ್ನೆರಡನೆಯದರಲ್ಲಿ ಹಲ್ಲಿನ ಡಾಕ್ಟರೊಬ್ಬರೇ. ತಮ್ಮ ಗುಟ್ಟಿನ ಕೈಕುಲುಕನ್ನು ಅವರು ತಮ್ಮದೇ ಇನ್ನೊಂದು ಕೈಗೆ ಕೊಟ್ಟುಕೊಳ್ಳಬೇಕು.

ಬೀಗದಣ್ಣ ಮೈ ಒರೆಸಿಕೊಂಡು ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವಳ ಕಣ್ಣು ತುಂಬಿ, ಮುಖ ಬೆಳಗಿನ ಕಿಟಕಿಯಂತೆ ಬೆಳಕಾಗಿತ್ತು.

“ರೀ, ಆರು ವರ್ಷದಿಂದ ಗುರುವಾರ ಬಂತು ಅಂದ್ರೆ ‘ಸ್ವಲ್ಪ ಕೆಲಸ ಇದೆ’ ಅಂತಿದ್ರಲ್ಲ. ಓದೋಕೆ ಹೋಗ್ತಿದ್ರಾ?”

“ಯಾರು ಹೇಳಿದ್ರು?”

“ಹೊಲಿಗೆಯಕ್ಕ ಈಗ ತಾನೇ ಓಡಿ ಬಂದು ಹೇಳಿದ್ಲು. ಏಳು ಡಿಗ್ರಿ ಅಂತೆ! ಅವಳ ಅಣ್ಣ ಒಂದು ಡಿಗ್ರಿಗೆ ಏಳು ವರ್ಷ ತಗೊಂಡಿದ್ನಂತೆ.”

‘ಅದು ಹಾಗಲ್ಲ ಕಣೇ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಲ್ಲಿ ಪ್ರಮಾಣ ಅಡ್ಡ ನಿಂತಿತ್ತು. ನಿಜ ಹೇಳಬೇಕೆಂದರೆ ಪ್ರಮಾಣಕ್ಕಿಂತ ಅವಳ ಮುಖವೇ ಅಡ್ಡ ನಿಂತಿತ್ತು. ಮದುವೆಯ ದಿನ ಮಾವನವರು ನೂರಾರು ಜನರ ಎದುರು, “ನನಗೆ ಎರಡು ಡಿಗ್ರಿ, ನಮ್ಮ ಅಳಿಯಂದ್ರಿಗೆ ಎರಡು ಸ್ಕ್ರೂಡ್ರೈವರು” ಎಂದಿದ್ದರು. ಎಲ್ಲರೂ ನಕ್ಕಿದ್ದರು. ಅಂದು ತಗ್ಗಿದ ಅವಳ ತಲೆ ಹತ್ತು ವರ್ಷಗಳಾದರೂ ತವರಿನಲ್ಲಿ ಮೇಲೆದ್ದಿರಲಿಲ್ಲ. ಇವತ್ತು ಎದ್ದಿತ್ತು. ಅದನ್ನು ತನ್ನ ಕೈಯಾರೆ ಮತ್ತೆ ತಗ್ಗಿಸುವುದೆಂತು?

“ಅಪ್ಪನಿಗೆ ಫೋನ್ ಮಾಡಿಬಿಟ್ಟೆ. ಮಧ್ಯಾಹ್ನದ ಬಸ್ಸಿಗೆ ಬರ್ತಾರೆ,” ಎಂದಳು ಅವಳು.

ಬೀಗದಣ್ಣ ತಿಂಡಿಯನ್ನೂ ಮುಟ್ಟದೆ ಚಪ್ಪಲಿ ಮೆಟ್ಟಿದ.

ಅಂಗಡಿಗೆ ಹೋದರೆ ಸುದ್ದಿ ಅವನಿಗಿಂತ ಮೊದಲೇ ಬಂದು ಸ್ಟೂಲಿನ ಮೇಲೆ ಕೂತಿತ್ತು. ಬೇಕರಿಯವನು ಅರ್ಜಿಯೊಂದನ್ನು ಹಿಡಿದು, “ಇಂಗ್ಲಿಷಲ್ಲಿದೆ, ಏನಂತ ನೋಡಿ ಸಾರ್” ಎಂದ. ನಿನ್ನೆಯವರೆಗೆ ಅವನು ಕರೆಯುತ್ತಿದ್ದದ್ದು ‘ಏಯ್ ಬೀಗ’. ಅಜ್ಜಿಯೊಬ್ಬರು ರಕ್ತಪರೀಕ್ಷೆಯ ಚೀಟಿ ಮುಂದಿಟ್ಟರು.

“ಅಜ್ಜಿ, ನಾನು ಡಾಕ್ಟರಲ್ಲ.”

“ಏಳರಲ್ಲಿ ಒಂದಾದ್ರೂ ಡಾಕ್ಟರದ್ದು ಇರತ್ತಲ್ಲಪ್ಪ. ಸರಿಯಾಗಿ ಹುಡುಕಿ ನೋಡು.”

ಹನ್ನೊಂದು ಗಂಟೆಗೆ ಶಾಲೆಯ ದೊಡ್ಡ ಟೀಚರು ತೆರೆಯಲಾಗದ ಪೆಟ್ಟಿಗೆಯೊಂದನ್ನು ಹೊರಿಸಿಕೊಂಡು ಬಂದರು. ಕೆಲಸ ಬಂತಲ್ಲ ಎಂದು ಅವನು ಆಸೆಯಿಂದ ಕೈಚಾಚಿದ. ಅವರು ಗಕ್ಕನೆ ಹಿಂದೆ ಸರಿದರು.

“ಛೆ ಛೆ! ಏಳು ಡಿಗ್ರಿಯವರ ಕೈಲಿ ಬೀಗ ತೆಗೆಸೋದಾ? ನನಗೆ ಪಾಪ ಬರಲ್ವಾ? ಆಚೆ ಬೀದಿಯವನ ಹತ್ರ ಹೋಗ್ತೀನಿ ಬಿಡಿ.”

ಮಧ್ಯಾಹ್ನದೊಳಗೆ ಅವನಿಗೆ ಸಿಕ್ಕ ಗೌರವ ಬೆಟ್ಟದಷ್ಟು, ಸಿಕ್ಕ ಕೆಲಸ ಸೊನ್ನೆ. ಪ್ರತಿ ‘ಸಾರ್’ಗೂ ಅವನ ಕಿವಿ ಕಾದ ಕಬ್ಬಿಣದಂತೆ ಕೆಂಪಾಗುತ್ತಿತ್ತು. ಕದ್ದ ಕೋಟು ತೊಟ್ಟವನು ಅದರ ಒಡೆಯನ ಮನೆಯ ಮುಂದೆಯೇ ನಡೆದುಹೋಗುವಂತೆ ಅವನು ಮನೆಗೆ ಬಂದ.

ಮಾವನವರು ಆಗಲೇ ಬಂದಿದ್ದರು. ನೆಟ್ಟನೆಯ ಬೆನ್ನು, ಜೇಬಿನಲ್ಲಿ ಎರಡು ಪೆನ್ನು, ಡಿಗ್ರಿಗೊಂದರಂತೆ. ಅಳಿಯನನ್ನು ಕಂಡವರೇ ಹತ್ತು ವರ್ಷದಲ್ಲಿ ಮೊದಲ ಸಲ ಎದ್ದು ನಿಂತು, “ಬನ್ನಿ, ಕೂತ್ಕೊಳ್ಳಿ” ಎಂದರು. ಬೀಗದಣ್ಣ ತನ್ನದೇ ಮನೆಯ ಕುರ್ಚಿಯ ತುದಿಯಲ್ಲಿ ನೆಂಟನಂತೆ ಕೂತ.

“ಯಾವ ವಿಷಯ ಅಳಿಯಂದ್ರೇ?”

“ಚರಿತ್ರೆ,” ಎಂದ. ಅದಂತೂ ಸುಳ್ಳಲ್ಲ.

“ಎಷ್ಟು ಜನ ಪಾಸಾಗಿದ್ದಾರೆ?”

“ಇಡೀ ಊರಲ್ಲಿ ಮೂರು ಜನ.”

“ಕೇಳಿಸ್ತಾ?” ಎಂದು ಹೆಂಡತಿ ಅಡುಗೆಮನೆಯಿಂದ ಹೊಲಿಗೆಯಕ್ಕನಿಗೆ ಕೂಗಿ ಹೇಳಿದಳು. ಹಾಗೆ ಕೂಗುವ ಅಗತ್ಯವೇ ಇರಲಿಲ್ಲ. ಹೊಲಿಗೆಯಕ್ಕ ಅವಳ ಪಕ್ಕದಲ್ಲೇ ನಿಂತಿದ್ದಳು.

“ಯಾವ ಕಾಲೇಜು?”

“ಅದು... ಹೇಳೋ ಹಾಗಿಲ್ಲ ಮಾವ.”

“ಹೇಳೋ ಹಾಗಿಲ್ಲದ ಕಾಲೇಜಾ?” ಎಂದು ಹುಬ್ಬೇರಿಸಿದ ಮಾವನವರಿಗೆ ಯಾಕೋ ನೀರು ನೆತ್ತಿಗೇರಿತು. ಕೆಮ್ಮಿ, ಕನ್ನಡಕ ಒರೆಸಿಕೊಂಡು ಬಸ್ಸಿನ ಮಾತೆತ್ತಿದರು.

ಸಂಜೆಯಾಗುತ್ತಲೇ ಬೀಗದಣ್ಣ ಹಿಂಬಾಗಿಲಿನಿಂದ ಜಾರಿಕೊಂಡ. ದಾರಿಯುದ್ದಕ್ಕೂ ಒಂದೇ ತೀರ್ಮಾನ: ಇವತ್ತು ಡಿಗ್ರಿ ಮುಗಿಸಿ, ಮನೆಗೆ ಹೋಗಿ, ‘ನಾನು ಓದಿದವನಲ್ಲ’ ಎಂದು ಹೇಳಿಬಿಡುವುದು. ಹೇಳಿದ ಮೇಲೆ ಅವಳ ಮುಖ ಹೇಗಾಗಬಹುದೆಂದು ನೆನೆದಾಗಲೆಲ್ಲ ಹೆಜ್ಜೆ ತಪ್ಪುತ್ತಿತ್ತು.

ಕ್ಲಿನಿಕ್ಕಿನ ಮಹಡಿಯಲ್ಲಿ ವಿಧಿ ಶುರುವಾಯಿತು. ಬಿಳಿ ಏಪ್ರನ್ ಕಟ್ಟಿದರು. ಆರನೇ ಡಿಗ್ರಿಯ ಟೋಪಿ ಇಟ್ಟರು. ಬಲಗಾಲಿನ ಪ್ಯಾಂಟನ್ನು ಮಂಡಿಯವರೆಗೆ ಮಡಿಸಿದರು. ಕಣ್ಣಿಗೆ ಕಪ್ಪು ಬಟ್ಟೆ ಬಿಗಿದು, ಹೊರಗೆ ಕರೆತಂದು, ಏಳು ಸುತ್ತು ತಿರುಗಿಸಿ, ಒಳಗೆ ಹೋಗಿ ಕದ ಹಾಕಿಕೊಂಡರು. ಅವನೀಗ ಆ ಕದವನ್ನು ತಾನೇ ಹುಡುಕಿ, ಏಳು ಬಾರಿ ತಟ್ಟಿ ಪ್ರವೇಶ ಬೇಡಬೇಕು. ಅಜ್ಞಾನಿ ಕತ್ತಲೆಯಲ್ಲಿ ದಾರಿ ಕಂಡುಕೊಳ್ಳುತ್ತಾನೆಂಬುದು ಇದರ ಅರ್ಥ.

ಅಜ್ಞಾನಿಗೆ ತಲೆ ಸುತ್ತುತ್ತಿತ್ತು. ಕೈಗೆ ಏನೋ ನುಣ್ಣಗಿನದು ಸಿಕ್ಕಿತು. ಅದನ್ನೇ ಹಿಡಿದು ನಡೆದ. ಅದು ಮೆಟ್ಟಿಲಿನ ಕಂಬಿ. ‘ದಾರಿ ಇಳಿಜಾರಾಗಿದೆಯಲ್ಲ, ಇದೂ ಪರೀಕ್ಷೆಯಿರಬೇಕು’ ಎಂದುಕೊಂಡು ಇಳಿದ. ಎದುರಿಗೊಂದು ಕದ ತಗುಲಿತು. ಟೋಪಿ ಸರಿಮಾಡಿಕೊಂಡು ಏಳು ಬಾರಿ ತಟ್ಟಿದ. ಕದ ತೆರೆದ ಸದ್ದಿಗೆ ಎದೆಯುಬ್ಬಿಸಿ ಗಟ್ಟಿಯಾಗಿ ಸಾರಿದ: “ಕತ್ತಲೆಯಿಂದ ಬಂದ ಬಡ ಸಹೋದರನು ಏಳನೇ ಡಿಗ್ರಿಯನ್ನು ಬೇಡುತ್ತಿದ್ದಾನೆ! ನನ್ನನ್ನು ಒಳಗೆ ಸೇರಿಸಿಕೊಳ್ಳಿ!”

ಯಾವುದೋ ಔಷಧಿಯ ಘಾಟು ಮೂಗಿಗೆ ಬಂತು. ಆಮೇಲೆ ಬಹಳ ಪರಿಚಯದ ದನಿಯೊಂದು ಮೆಲ್ಲಗೆ ಕೇಳಿತು:

“ರೀ... ನಿಮ್ಮ ಪ್ಯಾಂಟಿಗೇನಾಯ್ತು?”

ಬೀಗದಣ್ಣ ಕಣ್ಣಿನ ಬಟ್ಟೆ ಕಿತ್ತ. ಕ್ಲಿನಿಕ್ಕಿನ ಕಾಯುವ ಕೋಣೆಯ ತುಂಬ ಬೀದಿಯ ಜನ. ಅವನು ಹಿಂಬಾಗಿಲಿನಿಂದ ಹೊರಟದ್ದನ್ನು ಕಂಡ ಹೊಲಿಗೆಯಕ್ಕ, ಡಿಗ್ರಿ ಕೊಡುವುದನ್ನು ಕಣ್ಣಾರೆ ನೋಡಬೇಕೆಂದು ಎಲ್ಲರನ್ನೂ ಎಬ್ಬಿಸಿಕೊಂಡು ಹಿಂದೆಯೇ ಬಂದಿದ್ದಳು. ಮೇಲೆ ಬಿಡುವುದಿಲ್ಲವೆಂದು ಕಾಂಪೌಂಡರ್ ಇಲ್ಲಿ ಕೂರಿಸಿದ್ದ. ಬೇಕರಿಯವನ ಕೈಯಲ್ಲಿ ಹೂಗುಚ್ಛವಿತ್ತು. ದವಡೆ ಊದಿದ ರೋಗಿಯೊಬ್ಬ ನೋವು ಮರೆತು ಇವನ ಬರಿಯ ಮೊಣಕಾಲನ್ನೇ ನೋಡುತ್ತಿದ್ದ. ಹೆಂಡತಿಯ ಮುಖದ ಬೆಳಕು ಎಣ್ಣೆ ಮುಗಿದ ದೀಪದಂತೆ ತುಯ್ದಾಡುತ್ತಿತ್ತು.

ನೆಲ ಬಾಯಿ ಬಿಡಬಾರದೇ ಎನ್ನಿಸಿತು. ಅದು ಬಿಡಲಿಲ್ಲವಾಗಿ ಅವನೇ ಬಾಯಿ ಬಿಟ್ಟ. “ನೋಡು, ಈ ಡಿಗ್ರಿ ಇದೆಯಲ್ಲ, ಇದನ್ನ ನಾನು ನಿನಗೆ...”

ಅಷ್ಟರಲ್ಲಿ ಮಾವನವರು ಕುರ್ಚಿಯಿಂದ ಛಂಗನೆ ಹಾರಿ ಬಂದು ಅವನ ಕೈ ಹಿಡಿದರು. ಅಭಿನಂದಿಸುವವರಂತೆ ಜೋರಾಗಿ ಕುಲುಕಿದರು. ಕುಲುಕುತ್ತ ಕುಲುಕುತ್ತ ಹೆಬ್ಬೆರಳಿನಿಂದ ಅವನ ನಡುಬೆರಳಿನ ಗೆಣ್ಣನ್ನು ಒಮ್ಮೆ ಒತ್ತಿದರು. ಬಿಟ್ಟು, ಮತ್ತೊಮ್ಮೆ ಒತ್ತಿದರು.

ಬೀಗದಣ್ಣ ಆ ಒತ್ತನ್ನು ಗುರುತಿಸಿದ. ಅದು ಎರಡನೇ ಡಿಗ್ರಿಯ ಕೈಕುಲುಕು.

ಮಾವನವರು ಅವನನ್ನು ಮೆಟ್ಟಿಲಿನ ಮರೆಗೆ ಎಳೆದರು. ನೆಟ್ಟನೆಯ ಬೆನ್ನು ಬಾಗಿತ್ತು. “ಅಣ್ಣಾ,” ಎಂದರು ಪಿಸುದನಿಯಲ್ಲಿ, “ನನ್ನ ಮಾನ ಕಾಪಾಡಣ್ಣಾ. ನನ್ನ ಎರಡೂ ಡಿಗ್ರಿ ಈ ಮಂಡಳೀದೇ. ನಮ್ಮೂರ ಶಾಖೇದು. ಕಾಲೇಜಿನ ಗೇಟಿನೊಳಗೆ ನಾನು ಕಾಲಿಟ್ಟಿಲ್ಲ.”

“ಮಾವಾ!”

“ನನ್ನ ಮದುವೇಲಿ ಹೆಣ್ಣಿನ ಕಡೆಯವರು ತಪ್ಪು ತಿಳ್ಕೊಂಡ್ರು. ಬಾಯಿಬಿಡೋ ಹಾಗಿರಲಿಲ್ಲ, ಪ್ರಮಾಣ. ನಿನ್ನ ಅತ್ತೆಗೆ ನಲವತ್ತು ವರ್ಷದಿಂದ ಗೊತ್ತಿಲ್ಲ. ಈಗ ನೀನು ಇದೇನು ಅಂತ ಹೇಳಿದ್ರೆ, ನನ್ನ ಪೆಟ್ಟಿಗೇಲಿರೋ ಎರಡು ಟೋಪಿ ಏನು ಅಂತ ಎಲ್ಲರಿಗೂ ಗೊತ್ತಾಗತ್ತೆ.”

ಬೀಗದಣ್ಣನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹತ್ತು ವರ್ಷ ತನ್ನ ತಲೆಯ ಮೇಲೆ ಕೂತಿದ್ದ ಮನುಷ್ಯ ತನಗಿಂತ ನಾಲ್ಕು ಡಿಗ್ರಿ ಕೆಳಗಿನವನು! ಅವರನ್ನು ಕೆಳಗಿಳಿಸಲು ಒಂದೇ ಒಂದು ಮಾತು ಸಾಕಿತ್ತು. ಆದರೆ ಕೆಳಗಿನವನ ಮಾನ ಮೇಲಿನವನ ಮಾನ. ಅವನು ತಲೆ ತಗ್ಗಿಸಿ ಬಾಯಿ ಮುಚ್ಚಿಕೊಂಡ.

ಮಾವನವರ ಬೆನ್ನು ಮತ್ತೆ ನೆಟ್ಟಗಾಯಿತು. ಕೋಣೆಗೆ ಮರಳಿ ಗಂಟಲು ಸರಿಮಾಡಿಕೊಂಡರು. “ಯಾರೂ ನಗಬೇಡಿ. ದೊಡ್ಡ ದೊಡ್ಡ ಯೂನಿವರ್ಸಿಟಿಗಳಲ್ಲಿ ಇದೇ ಕ್ರಮ. ನನಗೂ ಎರಡು ಸಲ ಪ್ಯಾಂಟು ಮಡಿಸಿದ್ರು.”

“ಹೌದಾ ಅಪ್ಪಾ?” ಎಂದಳು ಮಗಳು. ಆರಲಿದ್ದ ದೀಪ ಭುಗ್ಗೆಂದು ಹೊತ್ತಿಕೊಂಡಿತು. ಹೂಗುಚ್ಛ ಬಂತು. ಚಪ್ಪಾಳೆ ಬಿತ್ತು. ದವಡೆ ಊದಿದವನೂ ಒಂದು ಕೈಯಲ್ಲಿ ತೊಡೆ ತಟ್ಟಿದ.

ಆ ಸದ್ದಿಗೆ ಮೇಲಿನಿಂದ ಇಣುಕಿದ ಹಲ್ಲಿನ ಡಾಕ್ಟರು, ಆಮೇಲೆ ಅವನನ್ನು ಒಳಗೆ ಕರೆದು ತೀರ್ಪು ಕೊಟ್ಟರು: ಹೊರಗಿನವರ ಕದ ತಟ್ಟಿ ಡಿಗ್ರಿ ಬೇಡಿದ್ದರಿಂದ ಅರ್ಜಿ ತಿರಸ್ಕೃತ, ಮುಂದಿನ ವರ್ಷ ನೋಡೋಣ.

ಬೀದಿಗೆಲ್ಲ ಏಳು ಡಿಗ್ರಿಯವನಾಗಿ, ಮಂಡಳಿಗೆ ಆರರವನಾಗಿ, ತನ್ನ ಮಟ್ಟಿಗೆ ಹತ್ತನೇ ತರಗತಿಯ ಅರ್ಧದವನಾಗಿ ಬೀಗದಣ್ಣ ಮನೆಗೆ ನಡೆದ. ಮಾವನವರು ಊರಿಗೆ ಹಿಂತಿರುಗಲಿಲ್ಲ. ಮಂಡಳಿಯ ಮೂಲಪುರುಷರ ಹೆಸರನ್ನು ವರಸೆಯಾಗಿ ಹೇಳಲಾಗದೆ ಅವರು ಮೂರನೇ ಡಿಗ್ರಿಯಲ್ಲಿ ಹನ್ನೊಂದು ಸಲ ನಪಾಸಾಗಿದ್ದರು. ಹೇಳಿಕೊಡುವ ಅಣ್ಣ ಮನೆಯಲ್ಲೇ ಸಿಕ್ಕಿರುವಾಗ ಬಿಡುವುದುಂಟೇ? ದಿನವೂ ಬೆಳಗ್ಗೆ ಆರಕ್ಕೆ ಕೋಣೆಯ ಕದ ಮುಚ್ಚಿ ಪಾಠ ಶುರು. ಬೀಗದಣ್ಣ ಮೆಲ್ಲಗೆ ಹೇಳಿಕೊಡುವುದು, ಮಾವನವರು ಗಟ್ಟಿಯಾಗಿ ಒಪ್ಪಿಸುವುದು.

ಹೊರಗೆ ಕೇಳಿಸುತ್ತಿದ್ದದ್ದು ಮಾವನವರ ದನಿಯೊಂದೇ.

ಒಂದು ದಿನ ಹೆಂಡತಿ ಎರಡು ಲೋಟ ಕಾಫಿ ತಂದು, ದೊಡ್ಡ ಲೋಟವನ್ನು ಅಪ್ಪನ ಮುಂದಿಟ್ಟಳು. ಗಂಡನತ್ತ ತಿರುಗಿ ತಲೆಯೆತ್ತಿ ಹೇಳಿದಳು:

“ನೋಡಿ, ಎರಡೇ ಡಿಗ್ರಿ ಓದಿದ್ರೂ ಏಳು ಓದಿದ ನಿಮಗೆ ಪಾಠ ಹೇಳ್ಕೊಡ್ತಿದ್ದಾರೆ. ಆಗಿನ ಕಾಲದ ಡಿಗ್ರಿ ಅಂದ್ರೆ ಅದು! ನೀವು ಸ್ವಲ್ಪ ಗಮನ ಇಟ್ಟು ಕಲೀರಿ.”