ಹೆಂಡತಿಯ ಹೆಸರಿಗೆ ಎಂಟು ಮಾತ್ರೆ

ಕಾಯುವುದು ನನಗೆ ಬಾರದ ವಿದ್ಯೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಮುಚ್ಚಿಟ್ಟರೂ ಮುಂದೆ ನಿಮಗೇ ಗೊತ್ತಾಗುತ್ತದೆ. ಚಿಕ್ಕೋಡಿಯ ಬಸ್ಸು ಎಂಟಕ್ಕೆ ಎಂದರೆ ಏಳಕ್ಕೇ ರಾಯಬಾಗದ ಸ್ಟ್ಯಾಂಡಿನಲ್ಲಿ ನಿಂತು, ಎಂಟೂಕಾಲಿಗೆ ಬಂದ ಬಸ್ಸಿನ ಕಂಡಕ್ಟರನಿಗೆ ಕೈಗಡಿಯಾರ ತೋರಿಸುವ ಜಾತಿಯವನು ನಾನು. ಚಹಾ ಕುದಿಯುವ ಮೊದಲೇ ಸೋಸಲು ಹೋಗಿ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾಗಿದ್ದರಿಂದ ಈ ಗುಣಕ್ಕೆ ಊರಲ್ಲಿ ಶಿಸ್ತು ಎಂಬ ಗೌರವದ ಹೆಸರಿತ್ತು. ಮನೆಯಲ್ಲಿ ನನ್ನ ಹೆಂಡತಿ ಶಾಂತಾ ಮಾತ್ರ ಅದನ್ನು ಹಡಬಿಟ್ಟಿ ಅವಸರ ಎಂದೇ ಕರೆಯುತ್ತಿದ್ದಳು. ಇಲ್ಲಿ ಬರೆಯುವಾಗ ಧಾರಾಳವಾಗಿ ಶಾಂತಾ ಎಂದು ಬರೆಯುತ್ತಿದ್ದೇನೆ, ನಿಜ. ಆದರೆ ನಮ್ಮ ಕಡೆ ಗಂಡಸರು ನಾಲ್ಕು ಜನರೆದುರು ಹೆಂಡತಿಯ ಹೆಸರು ಹಿಡಿದು ಕರೆಯುವ ರೂಢಿ ಆಗ ಇರಲಿಲ್ಲ. "ಏ, ಇಲ್ಲಿ ನೋಡು" ಎಂಬಷ್ಟರಲ್ಲೇ ನಮ್ಮ ಹನ್ನೆರಡು ವರ್ಷದ ಸಂಸಾರ ಸಾಗಿತ್ತು. ಈ ವಿಷಯ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಇಂಥವನು ಸಂಗೀತದ ಕಡೆ ತಲೆಹಾಕಿಯೂ ಮಲಗಬಾರದು. ಆದರೆ ಅಪ್ಪನ ಹಾರ್ಮೋನಿಯಂ ನನ್ನ ಪಾಲಿಗೆ ಬಂದಿತ್ತು. ಮದುವೆ, ಭಜನೆ ಎಂದು ಯಡೂರು, ಮಂಗಸೂಳಿ, ಕಾಗವಾಡದ ತನಕ ಅದನ್ನು ಹೊತ್ತುಕೊಂಡು ತಿರುಗುತ್ತಿದ್ದೆ. ನನ್ನ ಜೊತೆ ತಬಲಾ ಬಾರಿಸುತ್ತಿದ್ದವನು ಕುಡಚಿಯ ದಸ್ತಗೀರ. ಸ್ಟೇಷನ್ ರಸ್ತೆಯಲ್ಲಿ ಅವನದೊಂದು ಹೊಲಿಗೆ ಅಂಗಡಿ. ವಯಸ್ಸಿನಲ್ಲಿ ನನಗಿಂತ ನಾಲ್ಕೈದು ವರ್ಷ ದೊಡ್ಡವನಾದ್ದರಿಂದ ನಾನು ಅವನನ್ನು ಭಾಯಿ ಎನ್ನುತ್ತಿದ್ದೆ, ನಾನು ಮಾಸ್ತರನಾದ್ದರಿಂದ ಅವನು ನನಗೆ ರೀ ಹಚ್ಚುತ್ತಿದ್ದ. ದಸ್ತಗೀರ ಬಾರಿಸುವಾಗ ತಬಲಾ ನೋಡುತ್ತಲೇ ಇರಲಿಲ್ಲ, ಹಾಡುವವರ ಬಾಯಿ ನೋಡುತ್ತಿದ್ದ. ಅವರು ಕೆಮ್ಮಿದರೆ ಕೆಮ್ಮು ಮುಗಿಯುವ ತನಕ ಮೆತ್ತಗೆ ಠೇಕಾ ಹಿಡಿದು, ತಾಳದ ಅದೇ ಸುತ್ತನ್ನು ಬಾರಿಸುತ್ತ ಕೂಡುವನು. ಒಮ್ಮೆ ಮಂಗಸೂಳಿಯಲ್ಲಿ ಹಾಡುತ್ತಿದ್ದ ಗೌಡರಿಗೆ ಎರಡನೆಯ ನುಡಿಯೇ ಮರೆತುಹೋಯಿತು. ಅವರು ಕುಳಿತಲ್ಲಿಂದಲೇ ಅಡುಗೆಮನೆಯ ಕಡೆ ಕೂಗಿ ಹೆಂಡತಿಯನ್ನು ಕೇಳಿದರು. ಆಕೆ ರೊಟ್ಟಿ ಮಗುಚಿಹಾಕಿ, ನೆನಪು ಮಾಡಿಕೊಂಡು, ಉತ್ತರ ಕೂಗುವ ತನಕ ದಸ್ತಗೀರನ ಬೆರಳು ಅಲ್ಲೇ ಸುತ್ತು ಹಾಕುತ್ತಿದ್ದವು. ಕೇಳುತ್ತಿದ್ದ ಜನ ಇದೂ ಹಾಡಿನಲ್ಲಿಯೇ ಇದೆ ಎಂದುಕೊಂಡು ತಲೆದೂಗಿದರು. ನಾನೋ, ಪ್ರತಿ ಹಾಡಿನಲ್ಲೂ ಮುಂದೆ ಓಡುವವನು. ಆಗೆಲ್ಲ ಅವನು ಬಗ್ಗಿ ನನಗಷ್ಟೇ ಕೇಳುವ ಹಾಗೆ ಹೇಳುತ್ತಿದ್ದ: "ಮಾಸ್ತರ, ತಾಳ ಓಡಾಕತ್ತೈತ್ರಿ."

ತೊಂಬತ್ತರ ದಶಕ ಅರ್ಧ ದಾಟಿದಾಗ ನನಗೆ ಕೀಬೋರ್ಡಿನ ಹುಚ್ಚು ಹತ್ತಿತು. ಅದರ ಬೆನ್ನಿಗೇ ಕಂಪ್ಯೂಟರಿನ ಹುಚ್ಚು. ನಿಪ್ಪಾಣಿಯಲ್ಲಿ ತಂಬಾಕು ವ್ಯಾಪಾರಿಯೊಬ್ಬರು ಹೊಸ ಕಂಪ್ಯೂಟರ್ ತಂದು ಹಳೆಯದನ್ನು ಮೂಲೆಗೆ ಹಾಕಿದ್ದಾರೆಂದು ಗೊತ್ತಾಗಿ, ಅದನ್ನು ಗೋಣಿತಟ್ಟಿನಲ್ಲಿ ಸುತ್ತಿ ಮನೆಗೆ ತಂದೆ. ಒಂದು ವಾರ ಮನೆಯೆಲ್ಲ ತಂಬಾಕಿನ ವಾಸನೆ. ಕೊಲ್ಹಾಪುರದ ಕಲಾವಿದರೊಬ್ಬರು ಸಾಫ್ಟ್‌ವೇರ್ ಇದ್ದ ಎರಡು ಫ್ಲಾಪಿ ಕೊಟ್ಟರು. ಪರದೆಯ ಮೇಲೆ ಸಣ್ಣ ಸಣ್ಣ ಚೌಕ ಮೂಡುತ್ತಿದ್ದವು. ಒಂದು ಚೌಕಕ್ಕೆ ಒಂದು ಮಾತ್ರೆ, ಅಂದರೆ ತಾಳದ ಒಂದು ಎಣಿಕೆ. ಯಾವ ಚೌಕದಲ್ಲಿ ತಬಲಾ, ಯಾವುದರಲ್ಲಿ ಶಹನಾಯಿ ಎಂದು ತುಂಬಿಟ್ಟರೆ ಮುಗಿಯಿತು. ನಾನು ಕೀಬೋರ್ಡಿನಲ್ಲಿ ಹಾಡು ನುಡಿಸುವಾಗ ಕಂಪ್ಯೂಟರ್ ಹಿಂದಿನಿಂದ ಇಡೀ ಮೇಳ ಬಾರಿಸುತ್ತಿತ್ತು. ಗಣಿತದ ಮಾಸ್ತರನಿಗೆ ಇದಕ್ಕಿಂತ ಇನ್ನೇನು ಬೇಕು? ಚೌಕದ ವಹಿಯೊಳಗೇ ಸಂಗೀತ! ಮೇಲಾಗಿ ಅದು ಒಮ್ಮೆಯೂ ನನಗೆ ತಾಳ ಓಡುತ್ತಿದೆ ಎನ್ನಲಿಲ್ಲ.

ಅಷ್ಟರಲ್ಲಿ ಶಾಂತಾಳ ತಂಗಿ ಸುನಂದಾಳ ಮದುವೆ ನಿಶ್ಚಯವಾಯಿತು. ಅಥಣಿಯ ಹತ್ತಿರ ನಮ್ಮ ಮಾವನವರದು ದ್ರಾಕ್ಷಿಯ ತೋಟ, ದೊಡ್ಡ ಬಳಗ. ಬೀಗರು ಮೀರಜಿನ ಕಡೆಯವರು. ಹಿರಿಯ ಅಳಿಯನಾಗಿ ನನ್ನ ವಿದ್ಯೆ ತೋರಿಸಲು ಇಂಥ ಸಂದರ್ಭ ಮತ್ತೆ ಬರುವುದಿಲ್ಲ ಅನ್ನಿಸಿತು. ಹೊಸ ಅಂಗಿಯ ಅಳತೆ ಕೊಡಲು ಕುಡಚಿಗೆ ಹೋದವನು, ದಸ್ತಗೀರ ನನ್ನ ಭುಜಕ್ಕೆ ಟೇಪು ಹಿಡಿದಾಗ, ಬಾಗಿಲ ಕಡೆ ನೋಡುತ್ತ ಹೇಳಿದೆ: "ಭಾಯಿ, ಈ ಸಲ ನೀ ತಬಲಾ ತರೋದು ಬ್ಯಾಡ. ಕಂಪ್ಯೂಟರ್ ಐತಿ."

ಟೇಪು ಭುಜದ ಮೇಲೆ ಒಂದು ಕ್ಷಣ ನಿಂತಿತು. "ಅದು ಹಾಡಾವರ ಬಾಯಿ ನೋಡತೈತೇನ್ರಿ?" ಎಂದು ಕೇಳಿದ.

"ನೋಡೂದ್ಯಾಕ? ಎಲ್ಲಾ ಮೊದಲ ಲೆಕ್ಕ ಹಾಕಿ ಇಟ್ಟಿರತೈತಿ."

"ಹಂಗಾರ ಚಲೋ ಆತ್ರಿ" ಎಂದು ಅವನು ತೋಳಿನ ಅಳತೆ ಬರೆದುಕೊಂಡ. ಹನ್ನೆರಡು ವರ್ಷ ಒಂದೇ ಜಮಖಾನೆಯ ಮೇಲೆ ಕುಳಿತವನನ್ನು, ಅವನು ನನ್ನ ಅಳತೆಗೆ ಟೇಪು ಹಿಡಿದು ನಿಂತಿದ್ದಾಗಲೇ ಕಳಚಿಹಾಕಿದ್ದೆ. ಬಸ್ಸಿನಲ್ಲಿ ಬರುವಾಗ ಅದರ ಯೋಚನೆ ಬಾರದಿರಲೆಂದು ದಾರಿಯ ಕಿಲೋಮೀಟರ್ ಕಲ್ಲು ಎಣಿಸಿದೆ.

ನಮ್ಮ ಕಡೆಯ ಮದುವೆಯಲ್ಲಿ ಸುರಗಿ ಎಂಬ ಶಾಸ್ತ್ರ ಉಂಟು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಗಂಡ ಹೆಂಡತಿಯರನ್ನು ಕೂಡಿಸಿ ಅರಿಷಿಣ ಹಚ್ಚಿ ನೀರೆರೆಯುತ್ತಾರೆ. ಹೆಂಗಸರು ಸೋಬಾನ ಹಾಡುತ್ತಾರೆ. ಮಾವನವರ ಮನೆಯಲ್ಲಿ ಇನ್ನೂ ಒಂದು ಕಟ್ಟಳೆ: ಪ್ರಾಸ ಕಟ್ಟಿದ ಒಡಪಿನಲ್ಲಿ ಹೆಂಡತಿ ಗಂಡನ, ಗಂಡ ಹೆಂಡತಿಯ ಹೆಸರು ಹೇಳದೆ ನೂಲು ದಾಟಿ ಏಳುವ ಹಾಗಿಲ್ಲ. ಮದುಮಕ್ಕಳಾದ ಮೇಲೆ ಹಿರಿಯ ಮಗಳು, ಅಳಿಯ ಕೂಡಬೇಕು. ಅಂದರೆ ಶಾಂತಾ, ನಾನು. ನಾನು ಕೂತರೆ ಕೀಬೋರ್ಡ್ ಯಾರು ನುಡಿಸಬೇಕು? ಅದಕ್ಕೂ ಸಾಫ್ಟ್‌ವೇರಿನಲ್ಲಿ ದಾರಿ ಇತ್ತು. ಶಾಂತಾಳಿಂದ ಆ ಮನೆಯ ಸೋಬಾನ ಹಾಡಿಸಿ, ಗಡಿಯಾರ ಹಿಡಿದು ಅಳೆದು, ನನ್ನ ಕೀಬೋರ್ಡಿನ ಭಾಗವನ್ನೂ ಮೊದಲೇ ತುಂಬಿಟ್ಟೆ. ಒಂದು ನುಡಿ, ಆಮೇಲೆ ಒಬ್ಬರು ಹೆಸರು ಹೇಳಲು ಎಂಟು ಮಾತ್ರೆ ಬಿಡುವು, ಹೆಸರು ಮುಗಿದ ಕೂಡಲೇ ಶಹನಾಯಿ, ನಗಾರಿ. ಹೀಗೆ ನಾಲ್ಕು ಸಲ. ಶಾಂತಾ ಕೇಳಿ ನಕ್ಕಳು. "ನಿಮ್ಮ ಹೆಸರ ಹೇಳಾಕ ನನಗ ಎಂಟು ಸಾಕ್ರಿ. ನೀವು ನನ್ನ ಹೆಸರ ಎಟ್ಟರಾಗ ಹೇಳ್ತೀರಿ, ನೋಡೂನು." ನಾನು ಅದಕ್ಕೂ ತಯಾರಾಗಿದ್ದೆ. ಎಂಟು ಮಾತ್ರೆಗೆ ಸರಿಯಾಗಿ ಕೂಡುವಂಥ ಒಡಪು ಕಟ್ಟಿ ಬಾಯಿಪಾಠ ಮಾಡಿದ್ದೆ: "ಫ್ಲಾಪಿಯೊಳಗ ತಾಳ, ವೈರಿನೊಳಗ ರಾಗ, ಶಾಂತಾ ಹೆಸರ ಹೇಳ್ತೀನಿ ಬಂಧುಬಳಗದಾಗ." ಇದನ್ನು ಕೇಳಿ ಬೀಗರು ಬೆರಗಾಗುವ ದೃಶ್ಯ ದಿನಕ್ಕೆರಡು ಸಲ ಕಣ್ಮುಂದೆ ಬರುತ್ತಿತ್ತು.

ಸುರಗಿಯ ದಿನ ಬೆಳಿಗ್ಗೆ ನೀರು ಸಿಡಿಯಬಾರದೆಂದು ಕಂಪ್ಯೂಟರನ್ನು ಪಡಸಾಲೆಯ ಪಕ್ಕದ ಕೋಣೆಯಲ್ಲಿಟ್ಟು, ಸ್ಪೀಕರ್ ಅಂಗಳದ ಬೇವಿನ ಮರಕ್ಕೆ ಕಟ್ಟಿಸಿದೆ. ಹಂದರದಲ್ಲಿ ನೋಡುತ್ತೇನೆ, ದಸ್ತಗೀರ! ಕೈಯಲ್ಲಿ ಕಾಗದದಲ್ಲಿ ಸುತ್ತಿದ ನನ್ನ ಅಂಗಿ. "ಅಂಗಿ ಕೊಟ್ಟು ಹೋಗೂನಂತ ಬಂದೀನ್ರಿ. ನಿಮ್ಮ ಮಾವಾರು ಉಂಡ ಹೋಗಂದ್ರು" ಎಂದ. ತಬಲಾ ಇರಲಿಲ್ಲ. ನಾನೇ ಬೇಡ ಎಂದಿದ್ದೆನಲ್ಲ. ಅವನು ಅಡುಗೆಯವರ ಕಡೆ ಹೋಗಿ ಖಾಲಿ ಎಣ್ಣೆ ಡಬ್ಬಿಗಳ ಹತ್ತಿರ ನೆರಳಿಗೆ ಕುಳಿತ. ಅವನ ಕಣ್ಣಿಗೆ ಬೀಳದ ಹಾಗೆ ನಾನು ಒಳಗೆ ಹೋಗಿ ಗುಂಡಿ ಒತ್ತಿದೆ.

ಸೋಬಾನದ ಮುಂದಾಳು ಶಾಂತಾಳ ಅಜ್ಜಿ. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಾರೆ. ಆಯಿ ಹಾಡುತ್ತ ಹಾಡುತ್ತ ಎಲೆಗೆ ಸುಣ್ಣ ಹಚ್ಚುತ್ತಾಳೆ, ನೀರು ತರುವವಳನ್ನು ಬೈಯುತ್ತಾಳೆ, ಬಂದವರ ಕ್ಷೇಮ ಕೇಳುತ್ತಾಳೆ, ಮತ್ತೆ ಬಿಟ್ಟ ಅಕ್ಷರದಿಂದಲೇ ಹಾಡು ಎತ್ತುತ್ತಾಳೆ. ನಾನು ಅಳತೆ ತೆಗೆದುಕೊಂಡದ್ದು ಶಾಂತಾಳದು, ಹಾಡುವವಳು ಆಯಿ! ಈ ಲೆಕ್ಕದ ತಪ್ಪು ನನಗೆ ಹೊಳೆದದ್ದು ಆಯಿ ಮೊದಲನೆಯ ನುಡಿಯ ನಡುವೆ ಅಡಿಕೆ ಕತ್ತರಿಸಲು ನಿಂತಾಗ. ಕಂಪ್ಯೂಟರ್ ನಿಲ್ಲಲಿಲ್ಲ. ನುಡಿ ಮುಗಿಸಿ, ಎಂಟು ಮಾತ್ರೆ ಬಿಟ್ಟು, ಯಾರೂ ಯಾರ ಹೆಸರನ್ನೂ ಹೇಳದಿದ್ದರೂ ಸಂಭ್ರಮದಿಂದ ಶಹನಾಯಿ ಊದಿ ನಗಾರಿ ಬಡಿಯಿತು. ಸೆರಗು ಕಚ್ಚಿಕೊಂಡು ಬಾಯಿ ತೆರೆಯಲು ಧೈರ್ಯ ಮಾಡುತ್ತಿದ್ದ ಸುನಂದಾ ಬೆಚ್ಚಿ ಮತ್ತೆ ಬಾಯಿ ಮುಚ್ಚಿದಳು. ಮದುಮಗ ಚುರುಕಿನವನು. ಅವನು ಮರಾಠಿಯ ಒಡಪನ್ನು ಒಂದೇ ಉಸಿರಿಗೆ ಒಪ್ಪಿಸಿದ. ಆದರೆ ಕಂಪ್ಯೂಟರಿನೊಳಗೆ ಆಗ ನಡೆದಿದ್ದದ್ದು ಹಾಡಿನ ಸರದಿಯಾದ್ದರಿಂದ ಅವನ ಪಾಲಿಗೆ ಶಹನಾಯಿ ಬರಲಿಲ್ಲ. ಬೀಗರ ಕಡೆಯ ಹೆಂಗಸೊಬ್ಬಳು ಕೋಣೆಯ ಕಡೆ ಕೈ ಮಾಡಿ "ಆತ ಕೋಣ ಬಸಲಾಯ?" ಎಂದು ಕೇಳಿದಳು. ಒಳಗೆ ಯಾರು ಕುಳಿತಿದ್ದಾರೆ ಎಂದು. ಆಯಿ ಅಡಕೊತ್ತು ಕೆಳಗಿಟ್ಟಳು. "ಯಾವನಲೇ ಅವ, ನನಕಿಂತ ಮುಂದ ಹೊಂಟಾವ? ಹೊರಗ ಕರೀರಿ ಅವನ್ನ!"

ನಾನು ಹೋಗಿ ನಿಲ್ಲಿಸಬಹುದಿತ್ತು. ಆದರೆ ಅಷ್ಟರಲ್ಲಿ ಸುನಂದಾಳಿಂದಲೂ ಹೇಗೋ ಹೆಸರು ಹೇಳಿಸಿ, ಮದುಮಕ್ಕಳನ್ನು ಎಬ್ಬಿಸಿ ಶಾಂತಾಳನ್ನೂ ನನ್ನನ್ನೂ ಕೂಡಿಸಿ, ನೂಲು ಸುತ್ತಿ, ತಲೆಯ ಮೇಲೆ ನೀರು ಹೊಯ್ದಾಗಿತ್ತು. ಹೆಸರು ಹೇಳದೆ ಏಳುವ ಹಾಗಿಲ್ಲ. ಕುಳಿತಲ್ಲಿಂದಲೇ ಮಾವನವರಿಗೆ ಕಂಪ್ಯೂಟರ್ ಬಂದ್ ಮಾಡಿ ಎಂದು ಸನ್ನೆ ಮಾಡಿದೆ. ಅವರು ಓಡಿಹೋದರು. ಒಳಗಿನಿಂದ ಅವರ ಗಾಬರಿಯ ದನಿ ಬಂತು: "ಅಳಿಯಂದ್ರ, ಟೀವಿ ಆರಿಸೇನಿ! ಆದ್ರೂ ಬಾರಸಾಕತ್ತೈತಿ!" ಪರದೆಯನ್ನಷ್ಟೇ ಆರಿಸಿದ್ದರು. ಉಳಿದದ್ದನ್ನು ಮುಟ್ಟಲು ಶಾಕ್ ಹೊಡೆಯುವ ಭಯ. ದಿನಕ್ಕೆ ಎಂಟು ಸಲ ಹೋಗುವ ಕರೆಂಟು ಈಗಲಾದರೂ ಹೋಗಲೆಂದು ಬೇಡಿಕೊಂಡೆ. ಅದು ಆ ದಿನ ಮಿಣುಕಲೂ ಇಲ್ಲ. ಶಾಂತಾ ಈ ಗದ್ದಲದಲ್ಲೇ ನನ್ನ ಹೆಸರನ್ನು ಒಡಪಿನಲ್ಲಿಟ್ಟು ಸರಾಗವಾಗಿ ಹೇಳಿ ಮುಗಿಸಿದಳು. ಅಷ್ಟರಲ್ಲಿ ಕಂಪ್ಯೂಟರ್ ನಾಲ್ಕನೆಯ ಸಲವೂ ನಗಾರಿ ಬಡಿದು, ಕೆಲಸ ಮುಗಿಯಿತೆಂದು ತಣ್ಣಗಾಯಿತು.

"ಮುಗೀತೇನಪಾ ನಿನ್ನ ಗದ್ದಲಾ?" ಎಂದಳು ಆಯಿ. "ನಾ ಇನ್ನಾ ಎರಡನೇ ನುಡ್ಯಾಗ ಅದೀನಿ. ಹೂಂ, ಹೇಳು ಹೆಸರಾ." ಎರಡು ಊರಿನ ಬೀಗರು ನನ್ನ ಬಾಯಿ ನೋಡುತ್ತಿದ್ದರು. ಒಡಪು? ಒಂದಕ್ಷರವೂ ನೆನಪಿಲ್ಲ. ಒಡಪು ಹಾಳಾಗಿ ಹೋಗಲಿ, ಬರೀ ಹೆಸರು ಹೇಳೋಣವೆಂದರೆ ನಾಲಗೆ ಏಳಲೊಲ್ಲದು. ಹನ್ನೆರಡು ವರ್ಷ "ಏ" ಎಂದು ಕರೆದ ಪಾಪ ಅದರ ಮೇಲೆ ಕೂತಿತ್ತು. ಮೈಯಿಂದ ಅರಿಷಿಣದ ನೀರು ತೊಟ್ಟಿಕ್ಕುತ್ತಿತ್ತು. ಯಾರೋ ಕಿಸಕ್ಕೆಂದರು. ಪಕ್ಕದಲ್ಲಿ ಶಾಂತಾಳ ಮುಖ ಕೆಂಪಾಗಿತ್ತು. ತನ್ನ ಗಂಡನಿಗೆ ತನ್ನ ಹೆಸರೇ ಬಾಯಿಗೆ ಬಾರದ್ದನ್ನು ಇಡೀ ಬಳಗ ನೋಡುತ್ತಿದೆ ಎಂಬುದು ಅವಳಿಗೆ ಎಷ್ಟು ಚುಚ್ಚಿರಬೇಕು!

ಆಗ ಅಡುಗೆಯವರ ಕಡೆಯಿಂದ ಮೆತ್ತಗೆ ಸದ್ದು ಬಂತು. ದಸ್ತಗೀರ ಎಣ್ಣೆ ಡಬ್ಬಿಯೊಂದನ್ನು ಬೋರಲು ಮಾಡಿ ತೊಡೆಯ ಸಂದಿಗೆ ಇಟ್ಟುಕೊಂಡಿದ್ದ. ಅದೇ ಹಳೆಯ ಠೇಕಾ. ಆಯಿಯ ಮುಖ ಅರಳಿತು. ಬಿಟ್ಟ ಅಕ್ಷರದಿಂದ ಹಾಡು ಎತ್ತಿ ನುಡಿ ಮುಗಿಸಿ, ನಡುವೆ ಒಬ್ಬರನ್ನು ಬೈದು, ನನ್ನ ಕಡೆ ನೋಡಿದಳು. ಡಬ್ಬಿ ನಿಲ್ಲಲಿಲ್ಲ, ಮುಂದೆಯೂ ಹೋಗಲಿಲ್ಲ. ದಸ್ತಗೀರನ ಕಣ್ಣು ನನ್ನ ಬಾಯಿಯ ಮೇಲಿತ್ತು. ಎಷ್ಟು ಹೊತ್ತು ಬೇಕಾದರೂ ತಗೋ ಎಂಬ ಹಾಗೆ ಬೆರಳು ಸುತ್ತು ಹಾಕುತ್ತಲೇ ಇದ್ದವು. ನನ್ನ ಕಣ್ಣು ತೇವವಾಯಿತು. ಅರಿಷಿಣದ ನೀರೆಂದು ಎಲ್ಲರೂ ತಿಳಿದುಕೊಂಡದ್ದು ಪುಣ್ಯ. ಕೊನೆಗೆ ನಾಲಗೆ ಎದ್ದಿತು: "ತಪ್ಪಿದ ತಾಳಕ್ಕ ಎಣ್ಣಿ ಡಬ್ಬಿ ಗತಿ, ಶಾಂತಾ ಹೆಸರ ಹೇಳ್ತೀನಿ, ನಾನ ಆಕಿ ಪತಿ!"

ಹಂದರವೆಲ್ಲ ಹೋ ಎಂದಿತು. ಡಬ್ಬಿಯ ಮೇಲೆ ದಸ್ತಗೀರ ಬಾರಿಸಿದ ಮುಕ್ತಾಯದಂಥದ್ದು ಯಾವ ಚೌಕದಲ್ಲೂ ತುಂಬುವುದಲ್ಲ. ಒದ್ದೆ ಮೈಯಲ್ಲೇ ಅವನ ಹತ್ತಿರ ಹೋಗಿ, "ಭಾಯಿ, ತಪ್ಪಾತು. ನಾಳಿನ ಅಕ್ಷತಿಗೆ ತಬಲಾ ತಗೊಂಡು ಬಾ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬರ್ತೀನ್ರಿ. ಮೊದಲ ಆ ಹೊಸಾ ಅಂಗಿ ಹಾಕ್ಕೋರಿ, ತಂಡಿ ಆದೀತು" ಎಂದ. ಕಂಪ್ಯೂಟರನ್ನು ಆಮೇಲೆ ಶಾಲೆಗೆ ಕೊಟ್ಟುಬಿಟ್ಟೆ. ಮಕ್ಕಳು ಅದರಲ್ಲಿ ಚಿತ್ರ ಬರೆಯುತ್ತಿದ್ದರು. ನಾನೂ ದಸ್ತಗೀರನೂ ಈಗಲೂ ಒಂದೇ ಜಮಖಾನೆಯ ಮೇಲೆ ಕೂಡುತ್ತೇವೆ.

ನನ್ನ ಗ್ರಹಚಾರಕ್ಕೆ ಆ ದಿನ ಯಾರೋ ಸುರಗಿಯನ್ನೆಲ್ಲ ಟೇಪ್ ಮಾಡಿದ್ದರು. ಶಾಂತಾ ಆ ಕ್ಯಾಸೆಟ್ಟನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾಳೆ. ಆಯಿ "ಹೇಳು ಹೆಸರಾ" ಎಂದಲ್ಲಿಂದ ನಾನು ಬಾಯಿ ತೆರೆದ ತನಕ ಎಷ್ಟು ಮಾತ್ರೆ ಎಂದು ಅವಳೇ ಬೆರಳು ಮಡಚಿ ಎಣಿಸಿದ್ದಾಳೆ: ನೂರಾ ಹನ್ನೆರಡು. ಈಗ ಎಲ್ಲಿಗಾದರೂ ಹೊರಟಾಗ ನಾನು ಒಂದು ತಾಸು ಮೊದಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಲ್ಲುತ್ತೇನೆ. ಒಳಗೆ ಅವಳು ಸೀರೆ ಉಡುತ್ತಿರುತ್ತಾಳೆ. ನನ್ನನ್ನು ನೂರಾ ಹನ್ನೆರಡು ಮಾತ್ರೆ ಕಾದವಳಿಗೆ ಲಗೂ ಬಾ ಎನ್ನುವ ಬಾಯಿ ನನಗೆಲ್ಲಿದೆ? ಸುಮ್ಮನೆ ದಸ್ತಗೀರನ ಹಾಗೆ ಬಾಗಿಲ ಚೌಕಟ್ಟಿನ ಮೇಲೆ ಬೆರಳಿನಿಂದ ಠೇಕಾ ಹಿಡಿದು ಕಾಯುತ್ತೇನೆ. ಕಾಯುವುದನ್ನು ಕಲಿತೆನಲ್ಲ ಎಂದು ಒಳಗೊಳಗೇ ಹಿಗ್ಗುತ್ತಿರುವಾಗ ಒಳಗಿನಿಂದ ಅವಳ ದನಿ ಬರುತ್ತದೆ:

"ತಾಳ ಓಡಾಕತ್ತೈತ್ರಿ."