ಮದುವೆಗೆ ಕಲ್ಲು ಒಯ್ಯುವ ನನ್ನ ತಮ್ಮ

ಮಂದಿ ಮದುವೆಗೆ ಸೀರೆ ಒಯ್ಯುತ್ತಾರೆ, ಕುಪ್ಪಸದ ಖಣ ಒಯ್ಯುತ್ತಾರೆ, ಏನೂ ಇಲ್ಲದವರು ಹಸಿದ ಹೊಟ್ಟೆ ಒಯ್ಯುತ್ತಾರೆ. ನನ್ನ ತಮ್ಮ ಕಲ್ಲು ಒಯ್ಯುತ್ತಾನೆ! ಅವನು ಹುಚ್ಚನೇ ಎಂದು ನನ್ನನ್ನು ಕೇಳಬೇಡಿ. ಸಣ್ಣವನಿದ್ದಾಗ ಅವನನ್ನು ಕಂಕುಳಲ್ಲಿ ಎತ್ತಿ ತಿರುಗಿದವಳು ನಾನು, ನನಗೇ ಇನ್ನೂ ತೀರ್ಮಾನ ಆಗಿಲ್ಲ.

ಶಹಾಬಾದಿನಲ್ಲಿ ಅವನದೊಂದು ಸ್ಟುಡಿಯೋ ಇದೆ. ಮದುವೆ, ಬಸುರಿಯ ಕುಬಸ, ಕೂಸಿನ ತೊಟ್ಟಿಲು, ಎಲ್ಲದರ ವಿಡಿಯೋ ತೆಗೆಯುತ್ತಾನೆ. ಆ ಕಲ್ಲು ನಮ್ಮ ತವರು ಭಂಕೂರದ ಮನೆಯ ಅಂಗಳದ್ದು. ಹಳೆಯ ಮನೆ ಕೆಡವಿದಾಗ ಒಬ್ಬರು ಬಾಗಿಲು ಒಯ್ದರು, ಒಬ್ಬರು ತೊಲೆ ಒಯ್ದರು. ಇವನು ಒಂದು ಹಾಸುಗಲ್ಲಿನ ಮೂಲೆಯನ್ನು ಕೈಯಲ್ಲಿ ಹಿಡಿಯುವಷ್ಟು ಕೊಯ್ಯಿಸಿಕೊಂಡು ಚೀಲದಲ್ಲಿ ಹಾಕಿಕೊಂಡ. ಯಾವ ಮದುವೆಯೇ ಇರಲಿ, ಮೊದಲು ಮದುಮಗಳ ಕೈಗೆ ಆ ಕಲ್ಲು ಕೊಟ್ಟು ಕ್ಯಾಮರಾ ಹಿಡಿಯುತ್ತಾನೆ. ಕಲ್ಲಿನ ಬೂದಿಬಣ್ಣ ಕಂಪ್ಯೂಟರಿನಲ್ಲೂ ಬೂದಿಯಾಗಿಯೇ ಕಂಡರೆ ಉಳಿದ ಬಣ್ಣಗಳೂ ನೆಟ್ಟಗಿರುತ್ತವೆ ಎಂಬುದು ಅವನ ವಾದ.

ಚಿಂಚೋಳಿಯ ಕಡೆ ಒಂದು ಮದುವೆಯಲ್ಲಿ ಹೀಗೆಯೇ ಕಲ್ಲು ಕೊಟ್ಟು ಕ್ಯಾಮರಾದ ಹಿಂದೆ ಬಗ್ಗಿದ್ದಾನೆ. ಗಂಡಿನ ಕಡೆಯ ಅಜ್ಜಿಯೊಬ್ಬಳು ಇದು ಹೆಣ್ಣಿನವರ ಶಾಸ್ತ್ರ ಇರಬೇಕೆಂದು ಕಲ್ಲಿಗೆ ಅರಿಷಿಣ ಕುಂಕುಮ ಹಚ್ಚಿ ಕೈಮುಗಿದಳು. ಹೆಣ್ಣಿನವರು ಗಂಡಿನವರ ಶಾಸ್ತ್ರವೆಂದುಕೊಂಡು ಅಕ್ಕಿ ಹಾಕಿದರು. ಇವನು ತಲೆ ಎತ್ತುವುದರೊಳಗೆ ಕಲ್ಲು ದೇವರಾಗಿತ್ತು! ಅದನ್ನು ತೊಳೆದು ಒರೆಸುವಾಗ ಅಕ್ಷತೆಯ ವೇಳೆಯೇ ಮೀರಿಹೋಯಿತು. ಈಗ ಆ ಮನೆತನದಲ್ಲಿ ಬೇರೆ ಸ್ಟುಡಿಯೋದವರು ಬಂದರೂ "ಕಲ್ಲು ಎಲ್ಲಿ ಅದ ರೀ?" ಎಂದು ಕೇಳುತ್ತಾರಂತೆ.

ಸ್ಟುಡಿಯೋದ ಒಳಗೆ ಹೋದರೆ ಗೋಡೆ ಬೂದಿ, ಪರದೆ ಬೂದಿ, ಅವನ ಅಂಗಿಯೂ ಬೂದಿ. ಬೇರೆ ಬಣ್ಣವಿದ್ದರೆ ಅದು ಕಣ್ಣಿಗೆ ಮೋಸ ಮಾಡುತ್ತದಂತೆ. ನಾನು ಕೆಂಪು ಸೀರೆ ಉಟ್ಟು ಹೋದ ದಿನ ಬಾಗಿಲಲ್ಲೇ ತಡೆದು, "ಅಕ್ಕಾ, ಹೊರಗ ಕುಂದ್ರು, ನಿನ್ನ ಸೀರಿ ಬಣ್ಣ ಪರದಿ ಮ್ಯಾಲ ಬೀಳಾಕತ್ತದ" ಎಂದ. ಹೆತ್ತವ್ವನ ಮಗಳಿಗೆ ಕಟ್ಟೆಯ ಮೇಲೆ ಚಹಾ!

ವಿಡಿಯೋ ಮುಗಿದರೂ ಅವನ ಕೆಲಸ ಮುಗಿಯುವುದಿಲ್ಲ. ಅದನ್ನು ಹಿಂಡಿ ಸಣ್ಣ ಫೈಲು ಮಾಡಬೇಕಲ್ಲ, ಆಗ ಶುರು ಅವನ ಪುರಾಣ. ಉಳಿದ ಸ್ಟುಡಿಯೋದವರು ಚಿತ್ರದ ನಾಲ್ಕು ಚುಕ್ಕೆಗಳಿಗೆ ಒಂದೇ ಬಣ್ಣ ಹಂಚುತ್ತಾರಂತೆ. ನನಗೆ ತಿಳಿದದ್ದು ಇಷ್ಟು: ನಾಲ್ಕು ಮಂದಿಗೆ ಒಂದೇ ಬಟ್ಟಲು ಪುಂಡಿಪಲ್ಯ. ಇವನು ಹೆಚ್ಚು ಬಡಿಸುತ್ತಾನೆ, ಅದಕ್ಕೇ ಇವನ ಫೈಲು ಎಮ್ಮೆಯಷ್ಟು ದಪ್ಪ, ಯಾರ ಮೊಬೈಲಿನಲ್ಲೂ ಹಿಡಿಯುವುದಿಲ್ಲ. ಮತ್ತೆ ಫೈಲಿನ ತಲೆಯ ಮೇಲೆ 'ಇದು ಇಂಥ ಪದ್ಧತಿಯ ಬಣ್ಣ' ಎಂದು ಗುರುತು ಹಾಕಬೇಕಂತೆ. ಹಾಕದಿದ್ದರೆ ಟಿವಿ ತನಗೆ ತಿಳಿದಂತೆ ಓದಿ ಕುಂಕುಮವನ್ನು ಕಿತ್ತಳೆ ಮಾಡುತ್ತದೆ. ಇರಬಹುದು. ಉಪ್ಪಿನ ಡಬ್ಬಿಗೂ ಸಕ್ಕರೆ ಡಬ್ಬಿಗೂ ಗುರುತು ಮಾಡದೆ ನಾನೇ ಚಹಾ ಕೆಡಿಸಿಲ್ಲವೇ?

ಆದರೆ ಬಣ್ಣದಲ್ಲಿ ಮಾತ್ರ ಯಾರ ಮಾತಿಗೂ ಬಗ್ಗುವವನಲ್ಲ. ಸೇಡಂದ ದೊಡ್ಡ ಮನುಷ್ಯನೊಬ್ಬ ಬಂದು ಕುಳಿತು, ಮಗಳನ್ನು ವಿಡಿಯೋದಲ್ಲಿ ಜರಾ ಬೆಳ್ಳಗೆ ಮಾಡಿರಿ ಎಂದ. ನನ್ನ ತಮ್ಮ ಹೇಳಿದ: "ಆ ಬಣ್ಣ ನೀವು ಕೊಟ್ಟದ್ದರಿ ಸಾಹೇಬ್ರ. ನಾ ಯಾಕ ಕಸಗೊಳ್ಳಲಿ?" ಆ ಮನುಷ್ಯ ಎದ್ದು ಹೋದವನು, ಎರಡನೆಯ ಮಗಳ ಮದುವೆಗೆ ಬೇರೆಯವರನ್ನು ಕರೆದ. ತಮ್ಮನ ಹೆಂಡತಿ ಹಣೆ ಬಡಿದುಕೊಂಡಳು. ಇವನದು ಒಂದೇ ಮಾತು: ತಪ್ಪು ಬಣ್ಣ ನನ್ನ ಬಾಗಿಲು ದಾಟಬಾರದು.

ಇಂಥವನ ಕೈಗೆ ಅವನದೇ ಮದುವೆಯ ಹಳೆಯ ಕ್ಯಾಸೆಟ್ಟು ಬಿತ್ತು. ಬೂಸಲು ಹಿಡಿಯುತ್ತಿತ್ತು. ಅದರಲ್ಲಿ ನಮ್ಮವ್ವ ಇದ್ದಾಳೆ. ಅಂಗಳದ ಹಾಸುಗಲ್ಲಿನ ಮೇಲೆ ಕುಳಿತು, ಎಲೆ ಅಡಿಕೆ ಅಗಿಯುತ್ತ, ಕ್ಯಾಮರಾದವನನ್ನು ಬೈಯುತ್ತಿದ್ದಾಳೆ. ಕ್ಯಾಸೆಟ್ಟಿನವರು ಮೇಲೆ ಶಹನಾಯಿ ಹಚ್ಚಿದ್ದಾರೆ, ಬೈಗುಳ ಕೇಳಿಸುವುದಿಲ್ಲ. ಅವ್ವ ಕೈ ಬಾಯಿ ಆಡಿಸುವುದನ್ನು ನೋಡಬೇಕೆಂದರೆ ಲೋಕದಲ್ಲಿ ಅದೊಂದೇ. ಅವಳು ಅಂದು ಉಟ್ಟದ್ದು ಬದನೆಕಾಯಿ ಬಣ್ಣದ ಸೀರೆ. ವಾಡಿಯ ಅಂಗಡಿಯಲ್ಲಿ ನಾನೇ ಆರಿಸಿ ಕೊಡಿಸಿದ್ದೆ. ಅದನ್ನೇ ಉಡಿಸಿ ಅವಳನ್ನು ಮಣ್ಣಿಗಿಟ್ಟೆವು. ಕ್ಯಾಸೆಟ್ಟಿನಲ್ಲಿ ಮಾತ್ರ ಅದು ಹಳೆಯ ಬೆಲ್ಲದ ಬಣ್ಣವಾಗಿತ್ತು.

ಅದು ಯಾವ ಬಣ್ಣದ್ದೆಂದು ತಮ್ಮ ನನ್ನನ್ನೇ ಕೇಳಿದ. "ನಿನಗ ನೆನಪಿಲ್ಲೇನೋ?" ಎಂದೆ.

"ಮದಿಮಗಗ ಅವತ್ತು ಅವ್ವನ ಸೀರಿ ಕಾಣ್ತದೇನು? ನೀನೇ ಹೇಳಬೇಕು, ಬಾ" ಎಂದ.

ನನಗೊಂದು ಬೂದಿ ಸೀರೆ ಉಡಿಸಿ ಒಳಗೆ ಕೂಡ್ರಿಸಿದ. ನಾನು ನೋಡಿ, ನೀಲಿ ಸಾಲದು ಎಂದೆ. ಹೆಚ್ಚಿಸಿದ. ಇನ್ನೂ ಎಂದೆ. ನನ್ನ ಮುಖ ಒಮ್ಮೆ ನೋಡಿದ, ಮತ್ತೆ ಹೆಚ್ಚಿಸಿದ. ವಾದವಿಲ್ಲ, ಪುರಾಣವಿಲ್ಲ! ವಯಸ್ಸಾಯಿತು, ಬುದ್ಧಿ ಬಂತು ಎಂದುಕೊಂಡೆ. ಕೊನೆಗೆ ಸೀರೆ ಬದನೆಕಾಯಿಯಾಯಿತು. ಅವ್ವ ಅವ್ವನಾದಳು. ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟ. ವಾಡಿಯ ನನ್ನ ಮನೆಯ ಟಿವಿಯಲ್ಲಿ ಊಟವಾದ ಮೇಲೆ ದಿನಾ ನೋಡುತ್ತಿದ್ದೆ.

ಅಂದಿನಿಂದ ಅವನಿಗೊಂದು ಹೊಸ ಹುಚ್ಚು: ಕಣ್ಣು ತೋರಿಸು, ಕಣ್ಣು ತೋರಿಸು. ಅವನ ಕಾಟ ತಾಳಲಾರದೆ ಕಲಬುರಗಿಗೆ ಹೋದೆ. ಅಲ್ಲೇ ಉಳಿಸಿಕೊಂಡು ಒಂದಾದ ಮೇಲೊಂದು ಎರಡೂ ಕಣ್ಣಿನ ಪೊರೆ ತೆಗೆದರು. ಪಟ್ಟಿ ಬಿಚ್ಚಿ ಮನೆಗೆ ಬಂದು ಮೊದಲು ಟಿವಿ ಹಚ್ಚಿದೆ. ಅಂಗಳದ ಕಲ್ಲು ನೀಲಿ, ಸೀರೆ ಮಸಿ, ನಮ್ಮವ್ವ ಗೋಡೆಯ ಕ್ಯಾಲೆಂಡರಿನ ಕೃಷ್ಣನ ಹಾಗೆ ನೀಲಿಯಾಗಿ ಕುಳಿತು ಎಲೆ ಅಡಿಕೆ ಅಗಿಯುತ್ತಿದ್ದಾಳೆ!

ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ. ಇಷ್ಟೆಲ್ಲ ಬಣ್ಣದ ಶಾಸ್ತ್ರ ಹೇಳುವವನು ಹೆತ್ತವ್ವನನ್ನೇ ನೀಲಿಯಲ್ಲಿ ಅದ್ದಿದೆಯಲ್ಲ ಎಂದೆ. ಅವನು ಸಂಜೆಯ ಬಸ್ಸಿಗೆ ಬಂದ. ಕಿಸೆಯಿಂದ ಇನ್ನೊಂದು ಪೆನ್‌ಡ್ರೈವ್ ತೆಗೆದು ಟಿವಿಗೆ ಚುಚ್ಚಿದ.

ಕಲ್ಲು ಬೂದಿ. ಸೀರೆ ಬದನೆಕಾಯಿ. ಅವ್ವನ ಮುಖ ಎಷ್ಟು ಕಪ್ಪಗಿತ್ತೋ ಅಷ್ಟೇ ಕಪ್ಪು.

"ಇದನ್ನ ಯಾವಾಗ ಮಾಡಿದಿ?"

"ಅವತ್ತೇ. ಕಲ್ಲು ನನ್ನ ಕೈಯಾಗ ಇತ್ತಲ್ಲ ಅಕ್ಕಾ, ಅವ್ವ ಕುಂತ ಕಲ್ಲು. ನಿನ್ನ ಕಣ್ಣಾಗ ಪೊರಿ ಬಂದು ನೀಲಿ ಕಾಣ್ತಿಲ್ಲ ಅಂತ ಆವಾಗೇ ಗೊತ್ತಾತು."

"ಮತ್ತ ತಪ್ಪು ಬಣ್ಣ ಯಾಕ ಕೊಟ್ಟಿ?"

"ಆ ಕಣ್ಣಿಗೆ ಅವ್ವ ಅವ್ವನಂಗ ಕಾಣಬೇಕಿತ್ತಲ್ಲ."

ನಾನು ಎದ್ದು ಚಹಾಕ್ಕೆ ಇಟ್ಟೆ. ಹೊಸ ಕಣ್ಣಿಗೆ ಹೊಗೆ ಆಗದು ಎಂದು ಡಾಕ್ಟರು ಹೇಳಿದ್ದರು, ಗ್ಯಾಸಿನ ಒಲೆಯಲ್ಲಿ ಹೊಗೆಯೂ ಇರಲಿಲ್ಲ, ಆದರೂ ಕಣ್ಣು ಒರೆಸಿಕೊಳ್ಳಬೇಕಾಯಿತು. ಹೊರಗೆ ಬಂದಾಗ ಅವನು ಹಳೆಯ ಪೆನ್‌ಡ್ರೈವ್ ಕೇಳಿದ. ಅಳಿಸುತ್ತಾನಂತೆ, ತಪ್ಪು ಬಣ್ಣ ಅವನ ಸ್ಟುಡಿಯೋದ ಹೆಸರಲ್ಲಿ ಉಳಿಯಬಾರದಂತೆ.

ಕೊಡಲಿಲ್ಲ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಚಹಾ ಕುಡಿ, ಆರ್ತದ ಎಂದೆ.